ಎರಡು ಬೆರಳಿನ ಬೆಳಗಾವಿ

ಭೂಗೋಳ ಕಲಿಸುವವನ ಮನೆಯಲ್ಲಿ ಮದುವೆಗೆ ಬಂದ ತಂಗಿ ಇದ್ದರೆ ಇಂಥವು ಆಗುತ್ತಲೇ ಇರುತ್ತವೆ. ಬೇರೆಯವರ ಮನೆಯಲ್ಲಿ ಸಂಬಂಧಗಳು ಜಾತಕ ಕೂಡದೆ ಮುರಿಯುತ್ತವೆ, ಮೈಬಣ್ಣ ಒಪ್ಪದೆ ಮುರಿಯುತ್ತವೆ. ನಮ್ಮ ಮನೆಯಲ್ಲಿ ಹುಡುಗ ಒಪ್ಪಿಗೆಯಾಗುತ್ತಿದ್ದ, ಹುಡುಗಿ ಒಪ್ಪಿಗೆಯಾಗುತ್ತಿದ್ದಳು, ಊರು ಒಪ್ಪಿಗೆಯಾಗುತ್ತಿರಲಿಲ್ಲ.

ನಮ್ಮ ಮನೆ ಶಿಕಾರಿಪುರದಲ್ಲಿ. ನನ್ನ ಕೆಲಸ ಸೊರಬದ ಒಂದು ಹೈಸ್ಕೂಲಿನಲ್ಲಿ. ಸಮಾಜ ವಿಜ್ಞಾನದ ಮೇಷ್ಟ್ರು. ದಿನಾ ಬೆಳಿಗ್ಗೆ ಬಸ್ಸಿನಲ್ಲಿ ಹೋಗಿ ಸಂಜೆ ಬರುವುದು. ಸೊರಬದ ಸಹೋದ್ಯೋಗಿಗಳಿಗೆ ನನ್ನನ್ನು ಕೆಣಕದಿದ್ದರೆ ಕಾಫಿ ಇಳಿಯುತ್ತಿರಲಿಲ್ಲ. "ನಮ್ಮೂರು ಸುರಭಿ ಅನ್ನೋ ಹಸು ಹಾಲು ಕರೆದ ಜಾಗ ಸ್ವಾಮಿ. ನಿಮ್ಮೂರು ಶಿಕಾರಿ ಆಡೋರ ಪುರ. ನೀವು ಬಂದ್ರೆ ನಮ್ಮ ಹಸುಗಳೆಲ್ಲ ಹೆದರ್ತವೆ" ಎನ್ನುತ್ತಿದ್ದರು. ದೇಶದ ಎಲ್ಲ ರಾಜ್ಯಗಳ ರಾಜಧಾನಿಗಳನ್ನು ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳಬಲ್ಲವನಾಗಿದ್ದೆ. ನೋಡಿದ್ದು ಬೆಂಗಳೂರೊಂದೇ. ಅದರಲ್ಲೂ ಬಸ್ ನಿಲ್ದಾಣದ ಸುತ್ತಮುತ್ತ ಮಾತ್ರ.

ಅಪ್ಪ ತೀರಿಕೊಂಡಿದ್ದರು. ಮನೆಯಲ್ಲಿ ಅಜ್ಜಿ, ಅಮ್ಮ, ನಾನು, ತಂಗಿ. ತಂಗಿಯ ಮದುವೆ ಆಗುವವರೆಗೆ ನನ್ನ ಮದುವೆಯ ಮಾತೇ ಇಲ್ಲ ಎಂದು ಅಜ್ಜಿ ಹೇಳಿಬಿಟ್ಟಿದ್ದಳು. ಹಾಗಾಗಿ ಒಂದು ಸಂಬಂಧ ಮುರಿದರೆ ಇಬ್ಬರು ಹಾಗೇ ಉಳಿಯುತ್ತಿದ್ದೆವು.

ನಾಲ್ಕು ಬೆರಳಿನ ಕಾನೂನು

ಶಾಲೆಯಲ್ಲಿ ಮೂಲೆ ಹರಿದುಹೋದ ಕರ್ನಾಟಕದ ದೊಡ್ಡ ಭೂಪಟವೊಂದನ್ನು ಎಸೆಯಲು ಹೊರಟಿದ್ದರು. ನಾನು ಹೆಡ್‌ಮಾಸ್ತರನ್ನು ಕೇಳಿ ಮನೆಗೆ ತಂದು ನಡುಮನೆಯ ಗೋಡೆಗೆ ನೇತುಹಾಕಿದೆ. ಅಜ್ಜಿಗೆ ಓದು ಬರುತ್ತಿರಲಿಲ್ಲ. ಮೊದಲ ದಿನ ಅದಕ್ಕೆ ಕುಂಕುಮ ಹಚ್ಚಲು ಹೋದಳು. ಅದು ದೇವರ ಪಟವಲ್ಲ, ಊರುಗಳ ಪಟ ಎಂದು ತಿಳಿದ ಮೇಲೆ ಅದಕ್ಕೆ ಬೇರೆಯೇ ಉಪಯೋಗ ಕಂಡುಕೊಂಡಳು.

"ನಮ್ಮೂರು ಯಾವುದು ತೋರ್ಸಲೇ" ಅಂದಳು. ತೋರಿಸಿದೆ. ಅದರ ಪಕ್ಕ ತನ್ನ ಬೆರಳುಗಳನ್ನು ಒಂದರ ಪಕ್ಕ ಒಂದು ಒತ್ತಿಟ್ಟು ಅಳೆಯತೊಡಗಿದಳು. ಶಿರಾಳಕೊಪ್ಪ ಒಂದು ಬೆರಳು. ಸೊರಬ ಎರಡು ಬೆರಳು. ದಾವಣಗೆರೆ ನಾಲ್ಕು ಬೆರಳು. ಅಲ್ಲಿಗೆ ಕೈ ನಿಲ್ಲಿಸಿದಳು.

"ನೋಡ್ರೀ, ಈ ಮನೆ ಹುಡುಗೀನ ನಾಲ್ಕು ಬೆರಳಿನ ಆಚೆ ನಾನು ಕೊಡಂಗಿಲ್ಲ."

ಇದನ್ನು ಕೇಳಿ ನಗುವ ಹಾಗಿರಲಿಲ್ಲ. ಅಜ್ಜಿಗೆ ಇದ್ದವಳು ಒಬ್ಬಳೇ ಮಗಳು, ನನ್ನ ಸೋದರತ್ತೆ. ಅವಳನ್ನು ರಾಯಚೂರಿನ ಆಚೆಯ ಊರಿಗೆ ಕೊಟ್ಟಿದ್ದರು. ಜ್ವರ ಬಂದು ಅವಳು ತೀರಿಕೊಂಡಾಗ ತಂತಿ ನಮ್ಮ ಮನೆ ಮುಟ್ಟುವ ಹೊತ್ತಿಗೆ ಅಲ್ಲಿ ಮಣ್ಣೂ ಮಾಡಿ ಮುಗಿಸಿದ್ದರು. ಮಗಳ ಮುಖ ಕೊನೆಗೊಮ್ಮೆ ನೋಡಲಾಗದ ಆ ಸಂಕಟ ಅಜ್ಜಿಯ ಬೆರಳುಗಳಲ್ಲಿ ಕೂತಿತ್ತು. ಆದ್ದರಿಂದ ಅಮ್ಮನಾಗಲಿ ನಾನಾಗಲಿ ಎದುರು ಮಾತಾಡಲಿಲ್ಲ. ತಂಗಿಯನ್ನಂತೂ ಯಾರೂ ಕೇಳಲೇ ಇಲ್ಲ.

ಅದೇ ವಾರ ನನ್ನ ಸಂಜೆಯ ಬಸ್ಸು ಶಿರಾಳಕೊಪ್ಪದ ಹತ್ತಿರ ಟೈರು ಒಡೆದುಕೊಂಡು ನಿಂತಿತು. ನಾನು ಮನೆಗೆ ಬಂದಾಗ ದೀಪ ಹಚ್ಚಿ ಬಹಳ ಹೊತ್ತಾಗಿತ್ತು. ಅಜ್ಜಿ ಬಾಗಿಲಲ್ಲೇ ನಿಂತಿದ್ದಳು.

"ಎರಡು ಬೆರಳು ದಾಟಾಕೆ ಇಷ್ಟೊತ್ತೇನೋ? ಇರುವೆ ಆಗಿದ್ರೂ ಬಂದಿರ್ತಿತ್ತು."

ಹೆಸರು ಹೇಳದ ಊರು

ಸಂಬಂಧ ತರುತ್ತಿದ್ದವರು ಮಾವ, ಅಮ್ಮನ ತಮ್ಮ. ಶಿರಾಳಕೊಪ್ಪದಲ್ಲಿ ಅವರದು ಬಟ್ಟೆ ಅಂಗಡಿ. ಅಂಗಡಿಗೆ ಫೋನಿತ್ತು. ಸೀರೆಗಿಂತ ಹೆಚ್ಚು ಗಂಡುಗಳ ವಿಷಯವೇ ಅಲ್ಲಿ ಓಡಾಡುತ್ತಿತ್ತು.

ಮೊದಲು ತಂದ ಸಂಬಂಧ ಅಜ್ಜಿಯ ಕಾನೂನಿಗೆ ಚೆನ್ನಾಗಿ ಹೊಂದುವಂಥದ್ದು. ಹುಡುಗ ಬೇಸಾಯಗಾರ, ಒಳ್ಳೆಯ ಮನೆತನ. "ಊರು ಸೊರಬ ತಾಲ್ಲೂಕು, ಹತ್ತಿರ" ಎಂದಷ್ಟೇ ಮಾವ ಹೇಳಿದ್ದರು. ಹುಡುಗನೂ ಅವನ ತಂದೆಯೂ ಬಂದು ಕೂತರು. ಅವಲಕ್ಕಿ, ಬಾಳೆಹಣ್ಣು ಆಯಿತು. ತಂಗಿ ಬಂದು ಕಾಫಿ ಕೊಟ್ಟು ಹೋದಳು. ಎಲ್ಲವೂ ನಯವಾಗಿ ನಡೆಯುತ್ತಿತ್ತು.

ಅಜ್ಜಿ ಕೇಳಿದಳು. "ಊರು ಯಾವುದ್ರಿ?"

"ಸೊರಬ ಕಡೆ" ಎಂದರು ಮಾವ ಅವಸರದಲ್ಲಿ.

"ಸೊರಬ ಕಡೆ ಅನ್ನೋದು ಊರಲ್ಲ. ಊರು?"

"ಕಾಡಿನ ಅಂಚು. ತಂಪು ಜಾಗ" ಎಂದರು ಮಾವ.

"ಏನು, ಊರಿಗೆ ಹೆಸರಿಟ್ಟಿಲ್ಲೇನು?"

ಮಾವ ನನ್ನ ಮುಖ ನೋಡಿದರು. ನಾನು ಸೂರು ನೋಡಿದೆ. ಹುಡುಗನ ತಂದೆ ಲೋಟ ಕೆಳಗಿಟ್ಟು ಗಂಭೀರವಾಗಿ, "ಕ್ಯಾಸನೂರು ಅಮ್ಮ" ಅಂದರು.

ಅಜ್ಜಿ ಕೂತಲ್ಲಿಂದಲೇ ಒಂದು ಮೊಳ ಹಿಂದೆ ಸರಿದಳು. "ಮಂಗನ ಕಾಯಿಲೆ ಊರು!"

"ಅದು ಯಾವಾಗಿನ ಮಾತು ಅಮ್ಮ. ನಾವೆಲ್ಲ ಚಿಕ್ಕೋರಿದ್ದಾಗಿಂದು. ಅದು ಈಗ ಬೇರೆ ಬೇರೆ ಕಡೆನೂ ಅದೆ. ನಮ್ಮೂರ ಹೆಸರು ಮಾತ್ರ ಆ ಕಾಯಿಲೆಗೆ ಅಂಟಿಕೊಳ್ತು."

"ಮೊಮ್ಮಗಳನ್ನ ಕೊಟ್ಟು ದಿನಾ ಮಂಗ ಎಣಿಸ್ಕೋತಾ ಕೂರ್ಲಾ ನಾನು?"

ಆ ಹಿರಿಯರಿಗೆ ಸಿಟ್ಟು ಬರಲಿಲ್ಲ. ಎಷ್ಟು ಮನೆಗಳಲ್ಲಿ ಈ ಮಾತು ಕೇಳಿದ್ದರೋ ಏನೋ. ಎದ್ದು ಶಾಲು ಸರಿಮಾಡಿಕೊಂಡು ಹೇಳಿದರು. "ಒಂದು ಮಾತು ಹೇಳ್ತೇನೆ ಅಮ್ಮ. ಲಂಡನ್ನು ಅಮೇರಿಕದ ಡಾಕ್ಟ್ರುಗಳು ನಮ್ಮೂರ ಹೆಸರು ಬಾಯಿಪಾಠ ಮಾಡಿ ಪಾಸಾಗ್ತಾರೆ. ನಿಮ್ಮ ಶಿಕಾರಿಪುರ ಅಂದ್ರೆ ಹೊನ್ನಾಳಿ ದಾಟಿದ್ಮೇಲೆ ಯಾರಿಗೂ ಗೊತ್ತಿಲ್ಲ."

ಭೂಗೋಳದ ಮೇಷ್ಟ್ರಾಗಿ ನಾನು ಇದನ್ನು ಅಲ್ಲಗಳೆಯುವ ಹಾಗಿರಲಿಲ್ಲ.

ನಮ್ಮದು ರಾಜಧಾನಿ

ಅದಾಗಿ ಕೆಲವು ತಿಂಗಳಿಗೆ ಮಾವ ಅಂಗಡಿ ಬಾಗಿಲು ಹಾಕಿಕೊಂಡು ಓಡಿಬಂದರು. ಫೋನಿನಲ್ಲಿ ಹುಡುಗನ ತಂದೆ, "ನಮ್ಮದು ರಾಜಧಾನಿ. ಅಲ್ಲೇ ಮನೆ, ಅಲ್ಲೇ ಅಂಗಡಿ" ಅಂದಿದ್ದರಂತೆ. ಅಮ್ಮನ ಮುಖ ಅರಳಿತು. ರಾಜಧಾನಿ ಅಂದರೆ ಬೆಂಗಳೂರು! ಅಜ್ಜಿಯ ಮುಖ ಗಂಟಾಯಿತು. ಬೆಂಗಳೂರು ಭೂಪಟದಲ್ಲಿ ಗೇಣಿನ ಆಚೆ ಇತ್ತು. ಎರಡು ದಿನ ಅತ್ತೆ ಸೊಸೆ ಮಾತು ಬಿಟ್ಟರು. ನಾನು ಶಾಲೆಯಲ್ಲಿ ಹೆಚ್ಚು ಹೊತ್ತು ಕಳೆಯತೊಡಗಿದೆ.

ಕೊನೆಗೆ ಅಮ್ಮ ಅಳುವುದಕ್ಕೆ ಶುರುಮಾಡಿದ ಮೇಲೆ, "ಬಂದು ಹೋಗ್ಲಿ, ಮುಖ ನೋಡಾಕೇನು" ಎಂದು ಅಜ್ಜಿ ಸಡಿಲವಾದಳು.

ಬಂದವರು ದಪ್ಪ ಮೀಸೆಯ, ಎತ್ತರದ ದನಿಯ ಮನುಷ್ಯ. ಹುಡುಗ ಅವರ ಹಿಂದೆ ಕಾಣುತ್ತಲೇ ಇರಲಿಲ್ಲ. ಅಮ್ಮ ಬಹಳ ಗೌರವದಿಂದ ಮಾತು ತೆಗೆದಳು.

"ಅಲ್ಲಿ ನೀರಿಗೆ ಬಹಳ ತೊಂದರೆ ಅಂತಾರಲ್ರೀ?"

"ಯಾರು ಹೇಳಿದ್ದು? ವರದಾ ಹೊಳೆ ನಮ್ಮ ಹಿತ್ತಲಲ್ಲೇ ಹರೀತದೆ."

ನನ್ನ ಕಿವಿ ನಿಮಿರಿತು. ಬೆಂಗಳೂರಿನಲ್ಲಿ ವರದಾ ನದಿ ಹರಿಯುವುದನ್ನು ನಾನು ಯಾವ ತರಗತಿಗೂ ಕಲಿಸಿರಲಿಲ್ಲ. ಮೆಲ್ಲಗೆ ಕೇಳಿದೆ. "ಯಾವ ರಾಜಧಾನಿ ಸ್ವಾಮಿ ತಮ್ಮದು?"

"ಎಷ್ಟು ರಾಜಧಾನಿ ಇವೆ? ಬನವಾಸಿ!"

ಅಮ್ಮ ಬಾಗಿಲ ಚೌಕಟ್ಟು ಹಿಡಿದುಕೊಂಡಳು.

"ಕದಂಬರು ಕನ್ನಡದ ಮೊದಲ ರಾಜ್ಯ ಕಟ್ಟಿದ್ದು ಎಲ್ಲಿ? ನಮ್ಮಲ್ಲಿ. ಬೆಂಗಳೂರು ಬಿಡ್ರಿ, ಅದು ಮೊನ್ನೆ ಮೊನ್ನೆಯದು. ಆಗ ನಿಮ್ಮ ಈ ಊರೆಲ್ಲ ನಮ್ಮ ಕೈಕೆಳಗೇ ಇತ್ತು."

ನಾನು ಸುಮ್ಮನಿರಬೇಕಿತ್ತು. ಆದರೆ, "ಆ ಕದಂಬರ ಕಥೆ ಹೇಳೋ ಕಲ್ಲು ಇರೋದು ನಮ್ಮ ತಾಳಗುಂದದಲ್ಲಿ. ನಾವು ಕಾಯ್ದಿಟ್ಟಿದ್ದಕ್ಕೆ ನಿಮಗೆ ನೀವು ರಾಜಧಾನಿ ಅಂತ ಗೊತ್ತಾಗಿದ್ದು" ಅಂದುಬಿಟ್ಟೆ. ಅವರು ಮೀಸೆ ಮುಟ್ಟಿಕೊಂಡರು. ಮಾವ ನನ್ನ ಕಾಲು ತುಳಿದರು. ಮನೆಯೊಳಗೆ ಎರಡು ರಾಜ್ಯಗಳು ಯುದ್ಧಕ್ಕೆ ನಿಂತ ಹಾಗಾಯಿತು.

ಅಷ್ಟರಲ್ಲಿ ಅಜ್ಜಿ ಭೂಪಟದ ಹತ್ತಿರ ಹೋಗಿ ಅಳೆದು ಬಂದಿದ್ದಳು. ಬನವಾಸಿ ಮೂರೇ ಬೆರಳು. ಅವಳಿಗೆ ಸಮಾಧಾನವಾಗಿತ್ತು. "ರಾಜಧಾನಿ ಆದ್ರೆ ಒಳ್ಳೇದೇ ಆತಲ್ಲ. ಅರಮನೆ ಐತೇನ್ರಿ?"

"ಅರಮನೆ ಹೋಗಿ ಸಾವಿರ ವರ್ಷದ ಮೇಲಾಯ್ತು ಅಮ್ಮ."

"ಮನೆ?"

ಅವರ ದನಿ ಮೊದಲ ಸಲ ಇಳಿಯಿತು. "ಮನೆ ಹೋದ ಮಳೆಗಾಲದಲ್ಲಿ ಹೋಯ್ತು. ಸದ್ಯಕ್ಕೆ ಅಂಗಡಿಯಲ್ಲೇ ಇದ್ದೇವೆ."

ನೀಲಿ ಬಣ್ಣದ ಅಳಿಯ

ಮೂರನೆಯದು ಮಾವನಿಗೇ ಭಯ ಹುಟ್ಟಿಸಿದ ಸಂಬಂಧ. ಹುಡುಗನ ಮನೆ ಆನವಟ್ಟಿ. ಆದರೆ ಹುಡುಗ ಕೇಂದ್ರ ಸರ್ಕಾರದ ಕೆಲಸದಲ್ಲಿ ಪೋರ್ಟ್ ಬ್ಲೇರ್‌ನಲ್ಲಿದ್ದ. ತಂದೆ ಫೋಟೋ ಹಿಡಿದುಕೊಂಡು ಬಂದಿದ್ದರು.

ಕರ್ನಾಟಕದ ಭೂಪಟದಲ್ಲಿ ಅಜ್ಜಿ ಎಷ್ಟು ಹುಡುಕಿಸಿದರೂ ಆ ಊರು ಸಿಗಲಿಲ್ಲ. ಬಾಗಿಲ ಹಿಂದೆ ಸುತ್ತಿಟ್ಟಿದ್ದ ಭಾರತದ ಭೂಪಟ ತಂದು ನೆಲದ ಮೇಲೆ ಹಾಸಿದೆ. ಒಂದು ತುದಿ ನಾನು ಹಿಡಿದೆ, ಇನ್ನೊಂದು ತಂಗಿ. ಅಜ್ಜಿಗೆ ಎರಡು ಭೂಪಟಕ್ಕೂ ವ್ಯತ್ಯಾಸವಿರಲಿಲ್ಲ. ಸೀರೆಯಲ್ಲಿ ಅಂಚು ಬೇರೆ ಇದ್ದಂತೆ, ಅಷ್ಟೇ. ನಮ್ಮ ಜಿಲ್ಲೆಯಿಂದ ಗೇಣು ಹಾಕುತ್ತ ಪೂರ್ವಕ್ಕೆ ಹೊರಟಳು. ಅರ್ಧ ಗೇಣಿಗೇ ನೆಲ ಮುಗಿಯಿತು.

"ಇದೇನಿದು ನೀಲಿ?"

"ಸಮುದ್ರ ಅಜ್ಜಿ."

"ಮತ್ತೆ ಹುಡುಗ?"

"ಇನ್ನೂ ಮುಂದೆ. ಅಂಡಮಾನು. ಪೋರ್ಟ್ ಬ್ಲೇರ್ ಅದರ ರಾಜಧಾನಿ."

ಅಂಡಮಾನು ಎಂಬ ಶಬ್ದ ಬಿದ್ದದ್ದೇ ತಡ, ಅಜ್ಜಿ ಕೈಯನ್ನು ಕೆಂಡ ಮುಟ್ಟಿದವಳ ಹಾಗೆ ಹಿಂದಕ್ಕೆ ತೆಗೆದಳು. ಕರಿನೀರಿನ ಶಿಕ್ಷೆಯ ಕಥೆಗಳನ್ನು ಕೇಳಿ ಬೆಳೆದವಳು ಅವಳು. ಹುಡುಗನ ತಂದೆಯನ್ನು ಕನಿಕರದಿಂದ ನೋಡಿ ಕೇಳಿದಳು.

"ಅಲ್ಲಿಗೆ ಕಳ್ಸೋ ಅಂಥಾದ್ದು ಏನು ಮಾಡಿದ್ನಪ್ಪಾ ನಿನ್ನ ಮಗ?"

"ಪರೀಕ್ಷೆ ಪಾಸ್ ಮಾಡಿದ ಅಮ್ಮ."

"ಅಯ್ಯೋ ಶಿವನೇ! ಪಾಸಾದೋರಿಗೇ ಈ ಶಿಕ್ಷೆ ಆದ್ರೆ ಫೇಲಾದೋರ್ನ ಏನು ಮಾಡ್ತಾರೋ!"

ಅವರು ಹೋದ ಮೇಲೆ ತಂಗಿ ಭೂಪಟ ಸುತ್ತುತ್ತಿದ್ದಳು. ಅಂಡಮಾನಿನ ಚುಕ್ಕೆಗಳ ಮೇಲೆ ಅವಳ ಬೆರಳು ನಿಂತಿತು. "ಅಣ್ಣ, ಅಲ್ಲಿ ನೀರು ನಿಜವಾಗ್ಲೂ ಇಷ್ಟು ನೀಲಿ ಇರ್ತದಾ?"

"ನಾನೆಲ್ಲಿ ನೋಡಿದೀನಿ?"

"ನೀನು ಏನನ್ನ ನೋಡಿದೀಯ?" ಎಂದು ನಕ್ಕು, ಕೊಹಿಮಾ, ಐಜ್ವಾಲ್, ಗಾಂಧಿನಗರ ಎಂದು ಒಂದೊಂದನ್ನೇ ಸವರುತ್ತ ಸುತ್ತಿದಳು. ನಾನು ಮನೆಯಲ್ಲಿ ಪಾಠ ತಯಾರಿಸುವಾಗ ಕೇಳಿಕೇಳಿಯೇ ಅವಳಿಗೆ ರಾಜಧಾನಿಗಳೆಲ್ಲ ಬಾಯಿಗೆ ಬಂದಿದ್ದವು. ಸ್ವಂತ ಕಾಲಲ್ಲಿ ಅವಳು ದಾವಣಗೆರೆ ದಾಟಿರಲಿಲ್ಲ. ಆ ದಿನ ಅಜ್ಜಿಯ ಎದುರು ನಿಂತು ಮಾತಾಡಬೇಕು ಅಂದುಕೊಂಡೆ. ಅಂದುಕೊಂಡೆ, ಅಷ್ಟೇ.

ಹೊಟ್ಟೆಬಾಕ ಬೀಗರು

ತಂಗಿಗೆ ಮೂವತ್ತು ಹತ್ತಿರವಾಗುತ್ತಿತ್ತು. ಬೀದಿಯಲ್ಲಿ ನಲ್ಲಿಯ ಹತ್ತಿರ ಹೆಂಗಸರು ಅಮ್ಮನನ್ನು ಕಂಡರೆ ಮಾತು ನಿಲ್ಲಿಸುತ್ತಿದ್ದರು. ಮಾವ ಒಂದು ದಿನ ಬಂದು ನಿಂತೇ ಹೇಳಿದರು. "ಅಕ್ಕಾ, ಇದೊಂದು ತರ್ತೀನಿ. ಇದೂ ಮುರಿದ್ರೆ ನಾನು ಸೀರೆ ಮಾರ್ಕೊಂಡು ಸುಮ್ಮನಿರ್ತೀನಿ."

"ಊರು?" ಅಂದಳು ಅಜ್ಜಿ ಒಳಗಿನಿಂದ.

"ಬೆಳಗಾವಿ. ಫೋನಲ್ಲಿ ಅವರೇ ಹೇಳಿದ್ರು. ಹುಡುಗನಿಗೆ ಹೊಲ ಅಳೆಯೋ ಸರ್ವೆ ಕೆಲಸ."

ಇಲ್ಲಿ ಒಂದು ಮಾತು ಹೇಳಬೇಕು. ನಮ್ಮ ತಾಲ್ಲೂಕಿನಲ್ಲೇ ಒಂದು ಊರಿದೆ. ಪುಸ್ತಕದಲ್ಲಿ ಬಳ್ಳಿಗಾವಿ. ಹಳೆಯ ಕಲ್ಲಿನ ಗುಡಿಗಳು, ಕೆರೆ ಇರುವ ಊರು. ಒಂದು ಕಾಲಕ್ಕೆ ಅದೂ ಒಂದು ರಾಜಧಾನಿಯೇ. ನಮ್ಮ ಜನರ ಬಾಯಲ್ಲಿ ಅದು ಬೆಳಗಾವಿ. ಮಹಾರಾಷ್ಟ್ರದ ಗಡಿಯ ದೊಡ್ಡ ಪಟ್ಟಣವನ್ನು ನಾವು ಆಗ ಬೆಳಗಾಂ ಎನ್ನುತ್ತಿದ್ದೆವು. ಹಾಗಾಗಿ ಬೆಳಗಾವಿ ಅಂದ ಕೂಡಲೇ ನಮ್ಮ ಮನೆಯಲ್ಲಿ ಯಾರಿಗೂ ಬೇರೆ ಊರು ಹೊಳೆಯಲಿಲ್ಲ. ಮಾವನಿಗಿಲ್ಲ, ಅಜ್ಜಿಗಿಲ್ಲ, ನನಗೂ ಇಲ್ಲ.

ಅಜ್ಜಿ ಕುಣಿದಾಡುವುದೊಂದು ಬಾಕಿ. "ಒಂದೇ ಬೆರಳು! ನಾನು ಬುತ್ತಿ ಕಟ್ಕೊಂಡು ನಡೆದೇ ಹೋಗಿ ಬರ್ತೀನಿ." ಗೋಡೆಗೆ ಸುಣ್ಣ ಬಳಿಸಿದಳು. ಭೂಪಟವನ್ನು ಇಳಿಸಿ ಸುತ್ತಿ ಒಳಕೋಣೆಯ ಮೂಲೆಯಲ್ಲಿ ಇನ್ನೊಂದು ಭೂಪಟದ ಪಕ್ಕ ನಿಲ್ಲಿಸಿದೆವು. ಇನ್ನು ಅದರ ಕೆಲಸವಿಲ್ಲ ಅಂದುಕೊಂಡು.

ಬೀಗರು ಕಾರಿನಲ್ಲಿ ಬಂದರು. ಹುಡುಗ, ಅವನ ತಂದೆ, ಚಿಕ್ಕಪ್ಪ. ಮೂವರೂ ಬಸವಳಿದಿದ್ದರು.

"ನಸುಕಿನಾಗ ಬಿಟ್ಟೀವ್ರಿ" ಅಂದರು ತಂದೆ, ಕಾಲು ತೊಳೆಯುತ್ತ.

"ಅಷ್ಟು ಬೇಗ ಯಾಕ್ರಿ? ಉಂಡು ಮಲಗಿ ಎದ್ದು ಬಂದಿದ್ರೂ ಆಗ್ತಿತ್ತು" ಅಂದಳು ಅಜ್ಜಿ.

ಮಾತಿನ ಧಾಟಿ ಸ್ವಲ್ಪ ಬೇರೆ ಅನಿಸಿತು. ಶಿಕಾರಿಪುರದ ಮಾತಿನಲ್ಲೇ ಅರ್ಧ ಉತ್ತರ ಕರ್ನಾಟಕ ಇರುವುದರಿಂದ ಯಾರೂ ಗಮನಿಸಲಿಲ್ಲ.

ಅಮ್ಮ ಕೇಳಿದಳು. "ಊರಲ್ಲಿ ಕೆರೆ ತುಂಬೈತೇನ್ರಿ?"

"ಕೋಟಿ ಕೆರಿ ತುಂಬಿ ತುಳುಕಾಕತ್ತೈತ್ರಿ."

"ಈಶ್ವರನ ಗುಡಿ ಹತ್ರಾನೇ ಮನೆಯಾ?" ಅಂದಳು ಅಜ್ಜಿ.

"ಗುಡಿ ಹಿಂದಿನ ಓಣಿರಿ. ನಿಮಗ ಗುಡಿ ಗೊತ್ತೈತೇನ್ರಿ ಅಮ್ಮಾರ?"

"ಗೊತ್ತಿಲ್ದೆ ಏನು! ಹುಡುಗಿ ಇದ್ದಾಗ ಗಾಡಿ ಕಟ್ಕೊಂಡು ಹೋಗ್ತಿದ್ವಿ."

ಗಾಡಿ ಕಟ್ಟಿಕೊಂಡು ಎಂದಾಗ ಚಿಕ್ಕಪ್ಪ ಅಜ್ಜಿಯ ಕಡೆ ಬಹಳ ಭಕ್ತಿಯಿಂದ ನೋಡಿದರು.

"ಗುಡಿ ನೋಡಾಕೆ ಹೊರಗಿನ ಜನ ಬರ್ತಿರಬೇಕು" ಅಂದೆ ನಾನು, ನನ್ನ ಜ್ಞಾನಕ್ಕೂ ಒಂದು ಜಾಗ ಇರಲೆಂದು.

"ನಮ್ಮ ಕಡೆ ಮಿಲಿಟ್ರಿಯವರು ಭಾಳ್ರಿ."

ಬಳ್ಳಿಗಾವಿಯಲ್ಲಿ ಮಿಲಿಟರಿ ಯಾಕೆ ಎಂದು ನನಗೆ ಹೊಳೆಯಲಿಲ್ಲ. ನಿವೃತ್ತ ಸೈನಿಕರೊಬ್ಬಿಬ್ಬರು ಇರಬೇಕು ಅಂದುಕೊಂಡೆ. ಅಷ್ಟರಲ್ಲಿ ಉಪ್ಪಿಟ್ಟು ಬಂತು. ಚಿಕ್ಕಪ್ಪ ಕೈ ಮುಗಿದು, "ಸ್ವಲ್ಪ ಹಾಕ್ರಿ. ದಾರ್ಯಾಗ ಎರಡು ಸಲ ನಾಷ್ಟಾ ಆಗೇತಿ" ಅಂದರು.

ಅಜ್ಜಿ ಅಮ್ಮನ ಕಿವಿಯಲ್ಲಿ ಅಂದದ್ದು ನನಗೂ ಕೇಳಿಸಿತು. "ಜೋಪಾನ ಕಣೇ. ಬೆಳಗಾವಿಯಿಂದ ಇಲ್ಲಿಗೆ ಬರೋದ್ರೊಳಗೆ ಎರಡು ಸಲ ತಿಂದವರೆ. ಅಕ್ಕಿ ಇನ್ನೆರಡು ಸೇರು ಹಾಕು."

ಯಾವ ಭೂಪಟ

ತಂಗಿ ಬಂದು ಕೂತಳು. ಹುಡುಗ ಒಳ್ಳೆಯ ಮುಖದವನು, ಮಾತು ಕಡಿಮೆ. "ಹೊಲ ಅಳೆಯೋಕೆ ಬೇರೆ ಊರಿಗೆಲ್ಲ ಹೋಗ್ಬೇಕಾಗ್ತದಾ?" ಎಂದು ಅವಳೇ ಕೇಳಿದಳು. ಹುಡುಗಿ ನೋಡುವ ಶಾಸ್ತ್ರದಲ್ಲಿ ನಮ್ಮ ತಂಗಿ ಬಾಯಿಬಿಟ್ಟದ್ದು ಅದೇ ಮೊದಲು. "ಹೌದ್ರಿ, ಊರೂರು ತಿರುಗೋದ. ನಿಮಗ ತಿರುಗಾಟ ಸೇರತೈತೇನ್ರಿ?" ಅಂದ. ಅವಳು ತಲೆಯಾಡಿಸಿದಳು. ಅಮ್ಮನಿಗೆ ಕಣ್ಣು ತುಂಬಿ ಬಂತು. ತಟ್ಟೆಯಲ್ಲಿ ಎಲೆ ಅಡಿಕೆ, ತೆಂಗಿನಕಾಯಿ ತಯಾರಾಯಿತು. ಅದು ಕೈ ಬದಲಾದರೆ ಮದುವೆ ಗಟ್ಟಿ.

ಅಜ್ಜಿಗೆ ಉತ್ಸಾಹ ಹೆಚ್ಚಾಯಿತು. "ಮನೆ ಹೆಂಗಸರನ್ನ ಬಿಟ್ಟು ಬಂದೀರಲ್ರೀ. ಕಾರೈತಿ, ಹೋಗಿ ಕರ್ಕೊಂಡು ಬಂದ್ಬಿಡ್ರಿ. ಅಷ್ಟರಾಗೆ ಅನ್ನ ಆಗ್ತೈತಿ."

ತಂದೆ ನಕ್ಕರು. ಅಜ್ಜಿ ನಗಲಿಲ್ಲ. ಅವರ ನಗು ನಿಂತಿತು.

"ಈಗ ಹ್ವಾದ್ರ ನಾವು ಮುಟ್ಟೋದ ರಾತ್ರಿ ಆಕ್ಕೈತ್ರಿ ಅಮ್ಮಾರ. ಹುಬ್ಬಳ್ಳಿ ದಾಟಬೇಕು, ಧಾರವಾಡ ದಾಟಬೇಕು..."

ಮಾವ ಗೋಡೆಗೆ ಒರಗಿದರು, ಹಸಿ ಸುಣ್ಣ ಅಂಗಿಗೆಲ್ಲ ಮೆತ್ತಿಕೊಂಡಿತು. ನನಗೆ ಮಿಲಿಟರಿ, ಕೋಟೆ ಕೆರೆ, ಎರಡು ನಾಷ್ಟಾ ಎಲ್ಲ ಒಟ್ಟಿಗೆ ಅರ್ಥವಾಯಿತು. ಬೆಳಗಾಂ!

ಅಜ್ಜಿ ತಟ್ಟೆಯನ್ನು ತನ್ನ ಕಡೆ ಎಳೆದುಕೊಂಡಳು. "ತಪ್ಪಾತ್ರಿ. ನಿಮ್ಮದು ಆ ಬೆಳಗಾವಿ ಅಂತ ನಮಗೆ ಗೊತ್ತಿರಲಿಲ್ಲ. ನಾಲ್ಕು ಬೆರಳಿನ ಆಚೆ ನಾವು ಕೊಡಂಗಿಲ್ಲ." ಯಾವ ಬೆರಳು ಎಂದು ಬೀಗರಿಗೆ ತಿಳಿಯದೆ ಮಾವ ವಿವರಿಸಬೇಕಾಯಿತು. ರಾಯಚೂರಿನ ಅತ್ತೆಯ ಕಥೆಯನ್ನೂ ಹೇಳಿದರು. ತಂದೆ ತಲೆ ತಗ್ಗಿಸಿ ಕೇಳಿದರು. "ನಿಮ್ಮ ದುಃಖ ದೊಡ್ಡದೈತ್ರಿ. ನಾವು ಒತ್ತಾಯ ಮಾಡಾಂಗಿಲ್ಲ" ಎಂದು ಏಳಲು ಹೊರಟರು. ಅಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

"ಅಜ್ಜಿ" ಅಂದಳು ತಂಗಿ. ದನಿ ಗಟ್ಟಿಯಾಗಿತ್ತು. "ಅಳೆಯದೇ ಬೇಡ ಅನ್ನೋದು ನ್ಯಾಯವಾ? ಎಲ್ಲಾರ್ದೂ ಅಳೆದಿದೀಯ. ಇವರದ್ದೂ ಅಳೆದು ನೋಡು."

ಅಜ್ಜಿಗೆ ನ್ಯಾಯದ ಮಾತು ನಾಟುತ್ತಿತ್ತು. "ತಾ ಭೂಪಟ" ಅಂದಳು.

ತಂಗಿ ಒಳಕೋಣೆಗೆ ಹೋದಳು. ನಾನು ಮನಸ್ಸಿನಲ್ಲೇ ಅಳೆದೆ. ಗೇಣಿನ ಮೇಲೆ ಆಗುತ್ತದೆ, ಮುಗಿಯಿತು ಕಥೆ. ಅವಳು ಬಂದು ಭೂಪಟ ಬಿಚ್ಚಿ ಚಾಪೆಯ ಮೇಲೆ ಹಾಸಿದಳು. ಮೇಲೆ ಹಿಮಾಲಯ ಕಂಡಿತು. ಕೆಳಗೆ ಮೂರು ಕಡೆ ನೀಲಿ ಕಂಡಿತು. ಅವಳು ತಂದಿದ್ದು ಭಾರತ!

ನನ್ನ ಬಾಯಿ ತಾನಾಗಿಯೇ ತೆರೆಯಿತು. ಭೂಪಟ ಬೇರೆಯಾದರೆ ಪ್ರಮಾಣ ಬೇರೆ, ಅಳತೆಯೂ ಬೇರೆ ಎಂದು ಪ್ರತಿ ವರ್ಷ ಎಂಟನೇ ತರಗತಿಗೆ ಕೂಗಿ ಕೂಗಿ ಹೇಳುವವನು ನಾನು. ತಪ್ಪು ಬರೆದವರ ಕಿವಿ ಹಿಂಡಿದವನು. ತಂಗಿ ತಲೆ ಎತ್ತಿ ನನ್ನನ್ನು ನೋಡಿದಳು. ಬಾಯಿ ಮುಚ್ಚಿದೆ.

"ನಮ್ಮ ಜಿಲ್ಲೆ ಇದು ಅಜ್ಜಿ. ಬೆಳಗಾವಿ ಇದು" ಎಂದು ಅವಳು ತೋರಿಸಿದಳು. ಅಜ್ಜಿ ಬೆರಳಿಟ್ಟಳು. ಒಂದು. ಇನ್ನೊಂದು ಇಟ್ಟಳು. ಎರಡು. ಮೂರನೆಯದಕ್ಕೆ ಜಾಗವಿರಲಿಲ್ಲ. ಅವಳು ನಂಬಲಾರದೆ ಮತ್ತೊಮ್ಮೆ ಇಟ್ಟಳು.

"ಎರಡೇ ಬೆರಳು! ನಮ್ಮ ಸೊರಬದಷ್ಟೇ!"

ಹುಡುಗ ಬಗ್ಗಿ ಭೂಪಟ ನೋಡಿದ. ಅಳತೆಯೇ ಅವನ ಕಸುಬು. ಕುಡಿಯುತ್ತಿದ್ದ ನೀರು ನೆತ್ತಿಗೆ ಹತ್ತಿ ಕೆಮ್ಮತೊಡಗಿದ. ತಂಗಿ ಅವನನ್ನೂ ಅದೇ ಕಣ್ಣಿನಿಂದ ನೋಡಿದಳು. ಅವನ ಕೆಮ್ಮು ನಿಂತಿತು.

ಅಜ್ಜಿಗೆ ಸಂಶಯ ಇನ್ನೂ ಇತ್ತು. "ನೀನು ಅಳೆಯೋನಲ್ವೇನಪ್ಪಾ. ನೀನೇ ಹೇಳು, ನಾನು ಸರಿ ಅಳೆದೆನಾ?"

ಹುಡುಗ ಬಹಳ ವಿನಯದಿಂದ, "ಬೆರಳು ಭಾಳ ಚಲೋ ಇಟ್ಟೀರಿ ಅಮ್ಮಾರ" ಅಂದ.

"ಏನೋ ಮೇಷ್ಟ್ರೇ, ಇದು ಬೆಳಗಾವಿ ಹೌದೋ ಅಲ್ಲೋ?"

"ಹೌದು ಅಜ್ಜಿ. ಅದೇ ಬೆಳಗಾವಿ."

ಅವನೂ ಸುಳ್ಳು ಹೇಳಲಿಲ್ಲ, ನಾನೂ ಹೇಳಲಿಲ್ಲ. ಅಜ್ಜಿ ತಟ್ಟೆಯನ್ನು ಮುಂದಕ್ಕೆ ತಳ್ಳಿ ಬೀಗರನ್ನು ಗದರಿದಳು. "ಅಲ್ರೀ, ನಮ್ಮ ಹುಡುಗ ಇಷ್ಟು ದೂರ ದಿನಾ ಹೋಗಿ ಪಾಠ ಮಾಡಿ ಬರ್ತಾನೆ. ನೀವು ಇಷ್ಟಕ್ಕೆ ಎರಡು ಸಲ ತಿಂದೀರಲ್ರೀ!"

ಅವರು ಹೋದ ಮೇಲೆ ಹಿತ್ತಲಲ್ಲಿ ತಂಗಿಯನ್ನು ಹಿಡಿದೆ. "ಅವರು ಆ ಬೆಳಗಾವಿಯೋರು ಅಂತ ನಿನಗೆ ಯಾವಾಗ ಗೊತ್ತಾಯ್ತು?"

"ಕಾರು ನಿಂತ ಕೂಡಲೇ. ನಂಬರು ಕೆಎ ಇಪ್ಪತ್ತೆರಡು. ನಮ್ಮ ಜಿಲ್ಲೇದು ಹದಿನಾಲ್ಕಲ್ವಾ?"

"ಮತ್ತೆ ಯಾಕೆ ಸುಮ್ಮನಿದ್ದೆ?"

"ಹತ್ರದ ಊರೇ ಬೇಕು ಅಂತ ನಾನು ಯಾವತ್ತು ಹೇಳಿದ್ದೆ ಅಣ್ಣ?"



ದಾರಿ

ಮದುವೆ ಶಿಕಾರಿಪುರದಲ್ಲಿ ಆಯಿತು. ಮನೆ ತುಂಬಿಸುವ ಶಾಸ್ತ್ರಕ್ಕೆ ಬಾಡಿಗೆ ಬಸ್ಸಿನಲ್ಲಿ ಹೊರಟೆವು. ಅಜ್ಜಿ ಬರುವುದನ್ನು ಹೇಗೋ ತಪ್ಪಿಸಬೇಕೆಂದು ನಾನು ಮಾಡಿದ ಉಪಾಯಗಳು ಒಂದೂ ನಡೆಯಲಿಲ್ಲ. "ಎರಡು ಬೆರಳಲೇ. ಮಧ್ಯಾಹ್ನ ದನಕ್ಕೆ ಹುಲ್ಲು ಹಾಕಾಕೆ ಬರ್ತೀನಿ" ಎಂದು ಚಪ್ಪಲಿ ಮೆಟ್ಟಿ ಎಲ್ಲರಿಗಿಂತ ಮೊದಲು ಹತ್ತಿ ಕೂತಿದ್ದಳು. ಪಕ್ಕದಲ್ಲಿ ತಂಗಿ, ಕಿಟಕಿಯ ಕಡೆ. ಅಳಿಯ ಹಿಂದಿನ ಸೀಟಿನಲ್ಲಿ ನನ್ನ ಜೊತೆ.

ಮಾಸೂರು ಬಂದಾಗ ಅಜ್ಜಿ ಗಂಟು ಎತ್ತಿಕೊಂಡು ನಿಂತಳು. ಕೂರಿಸಿದೆವು. ಹಿರೇಕೆರೂರಿನಲ್ಲಿ ಮತ್ತೆ ನಿಂತಳು. ಹಾವೇರಿಯಲ್ಲಿ ಎಲ್ಲರೂ ನಾಷ್ಟಾ ಮಾಡಿದರು. ಅಜ್ಜಿ ಒಂದು ಇಡ್ಲಿ ಮುರಿಯುತ್ತ ಬೀಗರ ಕಡೆ ನೋಡಿದಳು. ತಂಗಿ ಮಾತ್ರ ಒಂದೊಂದು ಬೋರ್ಡನ್ನೂ ಗಟ್ಟಿಯಾಗಿ ಓದುತ್ತಿದ್ದಳು. ಅವಳ ಮುಖ ಅಷ್ಟು ಹೊಳೆಯುವುದನ್ನು ನಾನು ಯಾವತ್ತೂ ನೋಡಿರಲಿಲ್ಲ.

ಹುಬ್ಬಳ್ಳಿ ಬರುವ ಹೊತ್ತಿಗೆ ಅಜ್ಜಿಯ ಮಾತು ಪೂರ್ತಿ ನಿಂತಿತ್ತು. ನನಗೆ ಹೆದರಿಕೆಯಾಯಿತು. ಅವಳ ತಲೆಯಲ್ಲಿ ರಾಯಚೂರಿನ ದಾರಿ ಓಡುತ್ತಿದೆ ಎಂದು ಗೊತ್ತಿತ್ತು. ಅಳಿಯ ನನ್ನ ಮೊಣಕೈ ತಿವಿದು, "ಭಾಂವಾ, ಈಗ ಹೇಳಿಬಿಡೂಣೇನು?" ಅಂದ. "ಬಸ್ಸು ಓಡ್ತಾ ಇರೋವಾಗ ಬೇಡ" ಅಂದೆ.

ಧಾರವಾಡ ದಾಟಿತು. ಬಿಸಿಲು ಬಾಗಿತು. ಅಜ್ಜಿ ಬಲಗೈಯ ಎರಡು ಬೆರಳುಗಳನ್ನು ಮುಖದ ಹತ್ತಿರ ಹಿಡಿದುಕೊಂಡು ಹಿಂದೆ ಮುಂದೆ ತಿರುಗಿಸಿ ನೋಡಿದಳು. ಆಮೇಲೆ ನಿಧಾನವಾಗಿ ನನ್ನ ಕಡೆ ತಿರುಗಿದಳು.

"ಏನೋ ಮೇಷ್ಟ್ರೇ, ಈ ಎರಡು ಬೆರಳೊಳಗೆ ಇಷ್ಟೆಲ್ಲ ಊರು ಹೆಂಗೆ ತುರುಕಿದ್ರಿ?"

ತಂಗಿ ಅಜ್ಜಿಯ ಆ ಎರಡು ಬೆರಳನ್ನು ತನ್ನ ಮುಷ್ಟಿಯಲ್ಲಿ ಹಿಡಿದುಕೊಂಡಳು. ಅಲ್ಲಿಯವರೆಗೆ ನಗುತ್ತಿದ್ದವಳು ಈಗ ಅಳುತ್ತಿದ್ದಳು. "ಅಜ್ಜಿ, ನೀನು ಯಾವಾಗ ಕರೆದ್ರೂ ನಾನು ಬರ್ತೀನಿ. ಅವತ್ತೇ ಹೊರಡ್ತೀನಿ. ಆಣೆ."

ಅಜ್ಜಿ ಕೈ ಬಿಡಿಸಿಕೊಳ್ಳಲಿಲ್ಲ. ಕಿತ್ತೂರಿನ ಬೋರ್ಡು ಹಿಂದಕ್ಕೆ ಹೋದ ಮೇಲೆ ಸೆರಗಿನಿಂದ ಮೂಗು ಒರೆಸಿಕೊಂಡು ಹೇಳಿದಳು.

"ಬಾರವ್ವಾ. ಆದ್ರೆ ಬರೋವಾಗ ಆ ಭೂಪಟದ ಮೇಲೇ ಬಾ. ರೋಡಿನ ಮೇಲೆ ಬರಬ್ಯಾಡ, ಭಾಳ ದೂರ ಆಗ್ತೈತಿ."